ಸೆರಗು ಎಡಕ್ಕೆ ಹೋದ ಫೋಟೊ

(ಜನವರಿಯ ಒಂದು ಭಾನುವಾರ ಮಡಿಕೇರಿಯಲ್ಲಿ ಹಳೇ ತಗಡಿನ ಫೋಟೊಗಳ ಬಗ್ಗೆ ಆಡಿದ ಮಾತು. ಬಂದಿದ್ದ ಕೆಲವರು ಬರೆದು ಕೊಡಿ ಅಂತ ಕೇಳಿದರು. ಆದಷ್ಟು ಆಡಿದ ಹಾಗೇ ಇಟ್ಟಿದ್ದೇನೆ. ಕೊನೆಯಲ್ಲಿ ಅವತ್ತು ಮಧ್ಯಾಹ್ನ ಜಗಲಿಯಲ್ಲಿ ತೆಗೆದ ಎರಡು ಫೋಟೊಗಳ ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಡಬ್ಬಿಯನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಒಳಗೆ ಮೂರು ಫೋಟೊ ಇವೆ, ಜೊತೆಗೆ ಒಂದು ಸಣ್ಣ ಅಯಸ್ಕಾಂತ. ಫೋಟೊದ ಅಂಚು ಹಿಡಿದು ನೋಡಿ, ಮುಖದ ಮೇಲೆ ಬೆರಳಿಡಬೇಡಿ. ಅಯಸ್ಕಾಂತವನ್ನು ಹಿಂಬದಿಗೆ ಮೆಲ್ಲಗೆ ತಾಗಿಸಿ. ಒಂದಕ್ಕೆ ಮಾತ್ರ ಅಂಟುತ್ತದೆ.

ಅಂಟಿದ್ದೇ ಟಿನ್‌ಟೈಪ್. ಹೆಸರಲ್ಲಿ ಟಿನ್ ಇದ್ದರೂ ಅದರಲ್ಲಿ ತವರ ಇಲ್ಲ. ಅದು ತೆಳ್ಳಗಿನ ಕಬ್ಬಿಣದ ತಗಡು. ಅದಕ್ಕೆ ಅಗಸೆ ಎಣ್ಣೆ ಮತ್ತು ಡಾಂಬರಿನ ಜಾತಿಯ ಕಪ್ಪು ಬೆರೆಸಿ ಬಳಿದು, ಬಿಸಿಯಲ್ಲಿ ಗಟ್ಟಿ ಮಾಡಿರುತ್ತಾರೆ. ಫ್ರಾನ್ಸಿನ ಅಡಾಲ್ಫ್ ಮಾರ್ಟಿನ್ 1853ರಲ್ಲಿ ಈ ವಿಧಾನ ಹೇಳಿದರು. 1856ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಪ್ರೊಫೆಸರ್ ಹ್ಯಾಮಿಲ್ಟನ್ ಸ್ಮಿತ್ ಪೇಟೆಂಟ್ ಪಡೆದರು. ಡಬ್ಬಿಯಲ್ಲಿರುವ ಎರಡನೆಯದು ಗಾಜಿನ ಮೇಲಿನ ಫೋಟೊ, ಅಂಬ್ರೊಟೈಪ್ ಅನ್ನುತ್ತಾರೆ. ಹಿಂದೆ ಕಪ್ಪು ಬಟ್ಟೆಯೋ ಕಪ್ಪು ಬಣ್ಣವೋ ಇದ್ದರೆ ಮಾತ್ರ ಮುಖ ಕಾಣುತ್ತದೆ. ಮೂರನೆಯದು ನಾನೇ ಹೋದ ತಿಂಗಳು ಮಾಡಿದ್ದು. ಅದು ಅಲ್ಯುಮಿನಿಯಂ. ಹಾಕಿ ಪಂದ್ಯದ ಟ್ರೋಫಿಗಳ ಕೆಳಗೆ ಹೆಸರು ಕೊರೆಯುವ ಕಪ್ಪು ತಗಡು ಇರುತ್ತದಲ್ಲ, ಅದೇ. ಟ್ರೋಫಿ ಅಂಗಡಿಗೆ ಹೋಗಿ ಖಾಲಿ ತಗಡು ಕೊಡಿ ಅಂತ ಕೇಳಿದಾಗ ಅವರು ಯಾವ ಟೂರ್ನಮೆಂಟಿಗೆ ಅಂತ ಕೇಳಿದರು. ಕೊಡಗಲ್ಲಿ ಅದು ಸಹಜವಾದ ಪ್ರಶ್ನೆ.

ನನಗೆ ಈ ಹುಚ್ಚು ಹತ್ತಿ ಹನ್ನೊಂದು ವರ್ಷ ಆಯಿತು. ಮೊದಲ ಟಿನ್‌ಟೈಪ್ ಸಿಕ್ಕಿದ್ದು ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ. ಹಳೇ ಬೀಗ, ಗಡಿಯಾರ, ಗ್ರಾಮಫೋನಿನ ತುಂಡುಗಳ ಮಧ್ಯೆ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಅದರ ತಳದಲ್ಲಿ ಅಂಗೈಗಿಂತ ಸಣ್ಣ ಕಪ್ಪು ತಗಡು. ಓರೆಯಾಗಿ ಬೆಳಕಿಗೆ ಹಿಡಿದಾಗ ಒಬ್ಬ ಹೆಂಗಸು ಕಂಡರು, ವಿದೇಶದವರು. ಕೆನ್ನೆಗೆ ಯಾರೋ ನಸುಗೆಂಪು ಪುಡಿ ತೀಡಿದ್ದರು. ಓಲೆಯ ಮೇಲೆ ಸೂಜಿಮೊನೆಯಷ್ಟು ಚಿನ್ನದ ಬಣ್ಣ. 300 ರೂಪಾಯಿ ಕೊಟ್ಟು ತಂದೆ. ಬಸ್ಸಲ್ಲಿ ಕುಶಾಲನಗರ ಬರುವಷ್ಟರಲ್ಲಿ ನಾಲ್ಕೈದು ಸಲ ಜೇಬಿಂದ ತೆಗೆದು ನೋಡಿದ್ದೆ.

ನನ್ನನ್ನು ಹಿಡಿದಿಟ್ಟಿದ್ದು ಒಂದೇ ವಿಷಯ. ಇದು ಪ್ರತಿ ಅಲ್ಲ. ಇದಕ್ಕೆ ನೆಗೆಟಿವ್ ಇಲ್ಲ. ಆ ಹೆಂಗಸು ಕುರ್ಚಿಯ ಮೇಲೆ ಕೂತಿದ್ದಾಗ ಅವರೆದುರಿಗೆ ಕ್ಯಾಮೆರಾದ ಒಳಗೆ ಇದ್ದ ತಗಡು ಇದೇ. ಅವರ ಮುಖದಿಂದ ಹೊರಟ ಬೆಳಕು ಬಂದು ಬಿದ್ದಿದ್ದು ಇದರ ಮೇಲೆಯೇ. ನೂರೈವತ್ತು ವರ್ಷಗಳ ಹಿಂದೆ ಒಂದೇ ಕೋಣೆಯಲ್ಲಿ ಎದುರೆದುರು ಇದ್ದ ಎರಡರಲ್ಲಿ ಒಂದು ಈಗ ನನ್ನ ಕೈಯಲ್ಲಿದೆ ಅಂದರೆ ಸುಮ್ನೆ ಮಾತಲ್ಲ ಅಲ್ವಾ?

ಆಮೇಲೆ ಆನ್‌ಲೈನ್ ಹರಾಜುಗಳಲ್ಲಿ ಒಂದೊಂದಾಗಿ ತೆಗೆದುಕೊಂಡೆ. ಈಗ ಅರುವತ್ತಕ್ಕೂ ಜಾಸ್ತಿ ಇವೆ, ಬಹುತೇಕ ಎಲ್ಲ ಅಮೆರಿಕದವು. ನಮ್ಮ ದೇಶದಲ್ಲಿ ಆ ಕಾಲಕ್ಕೆ ಗಾಜಿನ ನೆಗೆಟಿವ್ ಮಾಡಿ ಕಾಗದದ ಮೇಲೆ ಅಚ್ಚು ತೆಗೆಯುವುದೇ ಹೆಚ್ಚಿತ್ತು. ಅಮೆರಿಕದಲ್ಲಿ ತಗಡು ಜನರ ಫೋಟೊ ಆಯಿತು. ಅಗ್ಗ, ಹತ್ತು ನಿಮಿಷದಲ್ಲಿ ಕೈಗೆ ಸಿಗುತ್ತದೆ, ಒಡೆಯುವುದಿಲ್ಲ, ಲಕೋಟೆಯಲ್ಲಿ ಹಾಕಿ ಕಳಿಸಬಹುದು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತಲ್ಲ, ಆಗ ಯುದ್ಧಕ್ಕೆ ಹೊರಟ ಹುಡುಗರು ಒಂದು ತಗಡು ತೆಗೆಸಿ ಮನೆಗೆ ಕಳಿಸುತ್ತಿದ್ದರು. ಎಷ್ಟೋ ಮನೆಗಳಿಗೆ ವಾಪಸ್ ಬಂದಿದ್ದು ಅದೊಂದೇ.

ಸಂಗ್ರಹ ಮಾಡಬೇಕು ಅನ್ನುವವರಿಗೆ ಎರಡು ಮೂರು ಗುರುತು ಹೇಳುತ್ತೇನೆ. ಕೆಲವು ತಗಡಿನ ಅಂಚಿನಲ್ಲಿ ಅದನ್ನು ತಯಾರಿಸಿದ ನೆಫ್ ಎಂಬವರ ಹೆಸರು, 1856ರ ಫೆಬ್ರವರಿ 19ರ ಪೇಟೆಂಟ್ ತಾರೀಖು ಒತ್ತಿರುತ್ತದೆ. ಅವು ಮೊದಲ ವರ್ಷಗಳವು. ಹಿಂಬದಿಗೆ ಅಂಚೆಚೀಟಿಯಂಥ ತೆರಿಗೆ ಚೀಟಿ ಅಂಟಿಸಿದ್ದರೆ ಇನ್ನೂ ಸುಲಭ. ಯುದ್ಧದ ಖರ್ಚಿಗೆ ಅಂತ ಅಲ್ಲಿನ ಸರ್ಕಾರ 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್‌ವರೆಗೆ ಫೋಟೊಗಳ ಮೇಲೆ ತೆರಿಗೆ ಹಾಕಿತ್ತು, ಹಾಗಾಗಿ ಎರಡು ವರ್ಷದ ಅಂತರದಲ್ಲಿ ಕಾಲ ಗೊತ್ತಾಗಿಬಿಡುತ್ತದೆ. ಕಪ್ಪಿನ ಬದಲು ಚಾಕಲೇಟ್ ಬಣ್ಣದ ತಗಡಾದರೆ 1870ರ ನಂತರದ್ದು. ಉಗುರಿನಷ್ಟೇ ದೊಡ್ಡ ಫೋಟೊಗಳೂ ಇವೆ. ಹಲವು ಲೆನ್ಸ್‌ಗಳ ಕ್ಯಾಮೆರಾದಲ್ಲಿ ಒಂದೇ ಸಲಕ್ಕೆ ತೆಗೆದು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಸೈನಿಕರ ಫೋಟೊ ಅಂದರೆ ಹರಾಜಿನಲ್ಲಿ ಬೆಲೆ ಎಲ್ಲೆಲ್ಲಿಗೋ ಹೋಗುತ್ತದೆ. ಅದರ ಹಿಂದೆ ಬೀಳಬೇಡಿ ಅನ್ನುವುದು ನನ್ನ ಮಾತು.

ನನಗೆ ಜಾಸ್ತಿ ಇಷ್ಟ ಕೆಲಸದವರ ಫೋಟೊಗಳು. ಬಡಗಿ ಗರಗಸ ಹಿಡಿದು ಬಂದಿದ್ದಾನೆ, ಚಪ್ಪಲಿ ಹೊಲಿಯುವವನು ತೊಡೆಯ ಮೇಲೆ ಬೂಟು ಇಟ್ಟುಕೊಂಡಿದ್ದಾನೆ. ಕೆಲವೇ ಪೈಸೆಗೆ ಸಿಗುತ್ತಿದ್ದ ಕಾರಣ ಅವರೂ ಫೋಟೊ ತೆಗೆಸಿಕೊಂಡರು, ತಮ್ಮ ಹತಾರಗಳ ಜೊತೆಗೆ, ತಮಗೆ ಬೇಕಾದ ಹಾಗೆ ನಿಂತು. ಅವನ್ನು ನೋಡುವಾಗೆಲ್ಲ ನಮ್ಮ ತೋಟಗಳು ನೆನಪಾಗುತ್ತವೆ. ಬಂಗಲೆಯ ಮೆಟ್ಟಿಲಲ್ಲಿ ದೊರೆಗಳು ಕೂತ ಹಳೇ ಫೋಟೊ ನಾವೆಲ್ಲ ನೋಡಿದ್ದೇವೆ. ಆ ತೋಟದಲ್ಲಿ ಗುಂಡಿ ತೆಗೆದವರು, ಹಣ್ಣು ಕೊಯ್ದವರು, ಅವರ ಹೆಸರಿನ ಸಮೇತ ಒಂದು ಫೋಟೊ ನಿಮ್ಮಲ್ಲಿ ಯಾರ ಮನೆಯಲ್ಲಿದೆ? ನನ್ನ ಮನೆಯಲ್ಲಂತೂ ಇಲ್ಲ. ಇದೇ ಕಾರಣಕ್ಕೆ ನಾನು ಕೊಂಡುಕೊಳ್ಳುವುದು ಕಡಿಮೆ ಮಾಡಿ, ಮಾಡುವುದು ಕಲಿತೆ.

ಇನ್ನು ಮಾಡುವ ಬಗೆ. ಇದರ ಮೂಲ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಇಂಗ್ಲೆಂಡಿನ ಶಿಲ್ಪಿಯದು. 1851ರ ಮಾರ್ಚ್‌ನಲ್ಲಿ ಅವರು ವೆಟ್ ಕೊಲೋಡಿಯನ್ ವಿಧಾನ ಪ್ರಕಟಿಸಿದರು. ಪೇಟೆಂಟ್ ಮಾಡಿಸಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಅದರಿಂದ ಲೋಕದ ತುಂಬ ಸ್ಟುಡಿಯೊಗಳು ಎದ್ದವು, ಅವರು ಮಾತ್ರ 1857ರಲ್ಲಿ ಬಡತನದಲ್ಲೇ ತೀರಿಕೊಂಡರು. ಪ್ರತಿ ಸಲ ಬಾಟಲಿ ಮುಚ್ಚಳ ತೆಗೆಯುವಾಗ ನಾನು ಅವರನ್ನು ನೆನೆಯುತ್ತೇನೆ.

ಕೊಲೋಡಿಯನ್ ಅಂದರೆ ಆಸಿಡ್‌ನಲ್ಲಿ ಅದ್ದಿ ತೆಗೆದ ಹತ್ತಿಯನ್ನು ಈಥರ್ ಮತ್ತು ಆಲ್ಕೊಹಾಲಿನಲ್ಲಿ ಕರಗಿಸಿದ ಅಂಟು. ಅದಕ್ಕೆ ಅಯೊಡೈಡ್, ಬ್ರೊಮೈಡ್ ಲವಣ ಸೇರಿಸುತ್ತೇವೆ. ತಗಡಿನ ನಡುವೆ ಸುರಿದು ನಾಲ್ಕೂ ಮೂಲೆಗೆ ಓಡಿಸಿ, ಉಳಿದದ್ದನ್ನು ಒಂದು ಮೂಲೆಯಿಂದ ಬಾಟಲಿಗೆ ವಾಪಸ್ ಹರಿಸಬೇಕು. ದೋಸೆ ಕಾವಲಿಗೆ ಎಣ್ಣೆ ಸವರುವಷ್ಟು ತೆಳು ಇರಬೇಕು. ಬೆರಳು ತಾಗಿಸಿದರೆ ಹಲಸಿನ ಮೇಣದ ಹಾಗೆ ಚೂರು ಅಂಟಿತು ಅಂದಾಗ ಕೆಂಪು ದೀಪದ ಕೋಣೆಗೆ ಹೋಗಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮೂರು ನಾಲ್ಕು ನಿಮಿಷ ಮುಳುಗಿಸುತ್ತೇವೆ. ಹೊರಗೆ ಬರುವಾಗ ತಗಡಿನ ಮೇಲೆ ಹಾಲಿನ ಕೆನೆಯಂಥ ಪದರ ಕಟ್ಟಿರುತ್ತದೆ. ಈಗ ಅದು ಬೆಳಕಿಗೆ ಸ್ಪಂದಿಸುತ್ತದೆ, ಆದರೆ ಒದ್ದೆ ಇರುವ ತನಕ ಮಾತ್ರ. ಹತ್ತು ಹದಿನೈದು ನಿಮಿಷದ ಒಳಗೆ ಕ್ಯಾಮೆರಾಕ್ಕೆ ಹಾಕಿ, ಬೆಳಕು ಕೊಟ್ಟು, ವಾಪಸ್ ಕತ್ತಲೆ ಕೋಣೆಗೆ ಓಡಿ, ಚಿತ್ರ ಮೂಡಿಸುವ ಫೆರಸ್ ಸಲ್ಫೇಟಿನ ಡೆವಲಪರ್ ಒಂದೇ ಬೀಸಿಗೆ ಸುರಿಯಬೇಕು. ಸುಮಾರು ಹದಿನೈದು ಸೆಕೆಂಡಿಗೆ ನೀರು ಹಾಕಿ ನಿಲ್ಲಿಸಬೇಕು. ಹೊರಗಡೆ ತೆಗೆಯುವುದಾದರೆ ಇಡೀ ಡಾರ್ಕ್ ರೂಮೇ ಜೊತೆಗೆ ಹೋಗಬೇಕು. 1860ರ ದಶಕದಲ್ಲಿ ಇಂಗ್ಲೆಂಡಿನ ಫೋಟೊಗ್ರಾಫರ್ ಸಾಮ್ಯುಯೆಲ್ ಬೋರ್ನ್ ಹಿಮಾಲಯ ಹತ್ತಿದಾಗ ಗಾಜು, ಔಷಧಿ, ಡೇರೆ ಹೊರಲು ಹತ್ತಾರು ಕೂಲಿಯವರನ್ನು ಕರೆದುಕೊಂಡು ಹೋಗಿದ್ದು ಇದಕ್ಕೇ. ಆ ಫೋಟೊಗಳನ್ನು ನೋಡುವಾಗ ನಾನು ಹೊತ್ತವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಕೊನೆಯದು ಫಿಕ್ಸರ್, ಚಿತ್ರವನ್ನು ಖಾಯಂ ಮಾಡುವ ದ್ರಾವಣ. ಇದನ್ನು ಬೆಳಕಲ್ಲೇ ಮಾಡಬಹುದು, ಎಲ್ಲರಿಗೂ ತೋರಿಸಬಹುದು. ತಗಡಿನ ಮೇಲೆ ನೀಲಿ ಬೂದು ಬಣ್ಣದ ನೆಗೆಟಿವ್ ಥರ ಏನೋ ಇರುತ್ತದೆ. ಹೈಪೊ ಅನ್ನುವ ಲವಣದ ದ್ರಾವಣದಲ್ಲಿ ಇಟ್ಟರೆ ಕೆನೆ ಕರಗುತ್ತಾ ಹೋಗಿ ಕಪ್ಪು ಬಯಲಾಗುತ್ತದೆ, ಬೆಳಕು ತಾಗಿದ ಕಡೆ ಮಾತ್ರ ಬೆಳ್ಳಿ ಉಳಿದು ಬೆಳ್ಳಗೆ ಕಾಣುತ್ತದೆ. ಮಡಿಕೇರಿಯ ಮಂಜು ಸರಿದು ಎದುರಿನ ಗುಡ್ಡ ಕಾಣುವ ಹಾಗೆ ಮುಖ ಕಾಣಿಸಿಕೊಳ್ಳುತ್ತದೆ. ಹಳಬರು ಇದಕ್ಕೆ ಪೊಟ್ಯಾಸಿಯಂ ಸಯನೈಡ್ ಬಳಸುತ್ತಿದ್ದರು. ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಈಥರಿನ ಹಬೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸಿಲ್ವರ್ ನೈಟ್ರೇಟ್ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಗುರು ಇಲ್ಲದೆ, ಕನ್ನಡಕ ಕೈಗವಸು ಇಲ್ಲದೆ ಇದಕ್ಕೆ ಕೈ ಹಾಕಲೇಬಾರದು. ಕಲಿಸುವವರು ಲೋಕದಲ್ಲಿ ಇದ್ದಾರೆ. ಅಮೆರಿಕದ ಜಾನ್ ಕಾಫರ್ ನ್ಯೂಯಾರ್ಕ್ ರಾಜ್ಯದ ತಮ್ಮ ಜಮೀನಿನಲ್ಲಿ ದಶಕಗಳಿಂದ ಕಲಿಸುತ್ತಾ ಬಂದಿದ್ದಾರೆ. ಇವತ್ತು ಎಷ್ಟೋ ದೇಶಗಳಲ್ಲಿ ಇದನ್ನು ಮಾಡುವವರಿದ್ದಾರೆ.

ಇಷ್ಟೆಲ್ಲ ಕಷ್ಟಪಟ್ಟು ಮಾಡುವುದರಿಂದ ಏನು ಸಿಕ್ಕಿತು ಅಂತ ಕೇಳಿದರೆ, ಹಳೇ ಫೋಟೊ ಓದುವುದು ಬಂತು. ಮುಂಚೆ ನಾನು ನೋಡುತ್ತಿದ್ದೆ, ಓದುತ್ತಿರಲಿಲ್ಲ.

ಒಂದು ಪುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ಪಕ್ಕದ ಐನ್‌ಮನೆಯವರು, ಅಂದರೆ ಮನೆತನದ ಮೂಲಮನೆಯವರು, ಕರೆದರು. ಒಕ್ಕದವರೆಲ್ಲ, ಅಂದರೆ ಆ ಮನೆತನದವರೆಲ್ಲ ಸೇರಿದ್ದರು, ನವೆಂಬರ್ ಕೊನೆಯ ತಿಳಿ ಬಿಸಿಲು, ನನಗೆ ಅದಕ್ಕಿಂತ ಒಳ್ಳೆಯ ದಿನ ಸಿಗಲಾರದು. ಮನೆಯ ಹಿರಿಯರು ಕುಪ್ಯ ಅನ್ನುವ ನಿಲುವಂಗಿ ಹಾಕಿ, ಸೊಂಟಕ್ಕೆ ಚೇಲೆ ಸುತ್ತಿ, ಪೀಚೆಕತ್ತಿ ಅನ್ನುವ ಕಿರುಗತ್ತಿ ಸಿಕ್ಕಿಸಿ, ಮೆಟ್ಟಿಲ ಮೇಲೆ ಕೂತರು. ಫಿಕ್ಸರಿನಲ್ಲಿ ಫೋಟೊ ಎದ್ದಾಗ ಎಲ್ಲರೂ ಕೇಳಿದ್ದು ಒಂದೇ: ಚೇಲೆ ಎಲ್ಲಿ? ಅಷ್ಟು ಚೆಂದದ ಕೆಂಪು ರೇಷ್ಮೆಯ ಸೊಂಟಪಟ್ಟಿ, ಕಪ್ಪು ಕುಪ್ಯದೊಳಗೆ ಮುಳುಗಿಹೋಗಿತ್ತು. ಕೊಲೋಡಿಯನ್‌ಗೆ ಕೆಂಪು ಕಾಣುವುದೇ ಇಲ್ಲ. ಹಳದಿಯೂ ಅಷ್ಟಕ್ಕಷ್ಟೇ. ಅದು ನೋಡುವುದು ನೀಲಿ, ನೇರಳೆ ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು. ಕೆಂಪು ದೀಪದಲ್ಲಿ ಧೈರ್ಯವಾಗಿ ಕೆಲಸ ಮಾಡಲು ಆಗುವುದೂ ಅದಕ್ಕೇ. ಕಾಫಿ ಗಿಡದ ಫೋಟೊ ತೆಗೆದರೆ ಹಣ್ಣೆಲ್ಲ ಕಪ್ಪು ಮಣಿ. ನೀಲಿ ಆಕಾಶ ಬಿಳೀ ಕಾಗದ. ನೀಲಿ ಕಣ್ಣಿನವರ ಪಾಪೆ ಗಾಜಿನ ಹಾಗೆ ಬೆಳ್ಳಗೆ.

ಈಗ ಇದರ ಮುಂದಿನ ಮಾತು, ಇವತ್ತು ನಾನು ಹೇಳಲೇಬೇಕು ಅಂತ ಬಂದಿದ್ದು. ನಮ್ಮ ಚರ್ಮದಲ್ಲಿ ಕೆಂಪು, ಹಳದಿ, ಕಂದು ಇದೆ. ಅವು ಮೂರೂ ಈ ಪ್ಲೇಟಿಗೆ, ಅಂದರೆ ಕೊಲೋಡಿಯನ್ ಬಳಿದ ತಗಡಿಗೋ ಗಾಜಿಗೋ ಕತ್ತಲೆ. ಆ ಹಿರಿಯರು ನಸುಗಪ್ಪಿನವರು, ಫೋಟೊದಲ್ಲಿ ಕಡುಗಪ್ಪಾಗಿ ಬಂದರು. ಮೊಮ್ಮಗಳು ‘ಅಜ್ಜ ಹೀಗಿಲ್ಲ’ ಅಂದಳು. ಅವಳ ಮಾತು ಸರಿ. 19ನೇ ಶತಮಾನದಲ್ಲಿ ಬ್ರಿಟಿಷರು ನಮ್ಮ ಜನರನ್ನು ಜಾತಿ, ಬುಡಕಟ್ಟು ಅಂತ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. 1868ರಿಂದ 1875ರವರೆಗೆ ಭಾರತದ ಜನರ ಬಗ್ಗೆ ಎಂಟು ಸಂಪುಟಗಳನ್ನೇ ಹೊರತಂದರು. ಅದರೊಳಗಿನ ಮುಖಗಳನ್ನು ನೋಡಿ ಆಗಿನವರು ಹೀಗಿದ್ದರು ಅಂತ ನಾವು ನಂಬಿಬಿಟ್ಟಿದ್ದೇವೆ. ಆ ಮುಖದ ಕಪ್ಪಿನಲ್ಲಿ ಎಷ್ಟು ಪಾಲು ಮನುಷ್ಯರದ್ದು, ಎಷ್ಟು ಪಾಲು ಕೆಂಪು ಕಾಣದ ಪ್ಲೇಟಿನದ್ದು? ಕಣ್ಣು ಗುಳಿಬಿದ್ದ ಹಾಗೆ, ಮುಖ ಗಂಟಿಕ್ಕಿದ ಹಾಗೆ ಕಾಣುತ್ತದಲ್ಲ, ಬಿಸಿಲಿಗೆ ಮುಖ ಮಾಡಿ ಹಲವು ಸೆಕೆಂಡು ಅಲುಗಾಡದೆ ಕೂತವರ ಮುಖ ಅದು. ಬೇಕಾದರೆ ನಗುತ್ತಾ ಹತ್ತು ಸೆಕೆಂಡು ಹಾಗೇ ಇರಿ ನೋಡೋಣ. (ಸಭೆಯಲ್ಲಿ ಎಲ್ಲರೂ ಪ್ರಯತ್ನಿಸಿದರು. ಆರಕ್ಕೇ ಬಹಳ ಜನ ಕೈಬಿಟ್ಟರು.) ಅದಕ್ಕೇ ಸ್ಟುಡಿಯೊಗಳಲ್ಲಿ ತಲೆಯ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದರು. ಹಳೇ ಫೋಟೊಗಳಲ್ಲಿ ನಿಂತವರ ಕಾಲಿನ ಹಿಂದೆ ಅದರ ಪಾದ ಇಣುಕುವುದನ್ನು ಹುಡುಕಿ, ಸಿಗುತ್ತದೆ. ಬಣ್ಣದ ವಿಷಯದಲ್ಲಿ 1873ರಲ್ಲಿ ಜರ್ಮನಿಯ ಹರ್ಮನ್ ಫೋಗಲ್ ದಾರಿ ಕಂಡುಹಿಡಿದರು, ಪ್ಲೇಟಿಗೆ ಬಣ್ಣದ ಪುಡಿ ಸೇರಿಸಿದರೆ ಅದು ಹಸಿರನ್ನೂ ಹಳದಿಯನ್ನೂ ನೋಡುತ್ತದೆ ಅಂತ. ಕೆಂಪನ್ನೂ ಸರಿಯಾಗಿ ನೋಡುವ ಪ್ಲೇಟು ಅಂಗಡಿಗೆ ಬಂದಿದ್ದು 1906ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಫೋಟೊ ನೋಡಿ ನಿಮ್ಮ ಮುತ್ತಜ್ಜಿಯ ಮೈಬಣ್ಣ ಹೇಳಬೇಡಿ.

ಎರಡನೆಯದು ಎಡ ಬಲ. ಟಿನ್‌ಟೈಪ್ ಕನ್ನಡಿಯ ಹಾಗೆ, ಬಲ ಎಡವಾಗುತ್ತದೆ. ಬಿಲ್ಲಿ ದಿ ಕಿಡ್ ಅನ್ನುವ ಅಮೆರಿಕದ ಬಂದೂಕುಗಾರನ ಒಂದು ಟಿನ್‌ಟೈಪ್ ಇದೆ, 1880ರ ಸುಮಾರಿನದ್ದು. 2011ರಲ್ಲಿ 23 ಲಕ್ಷ ಡಾಲರಿಗೆ ಹರಾಜಾಯಿತು. ಅದರಲ್ಲಿ ಪಿಸ್ತೂಲು ಎಡ ಸೊಂಟದಲ್ಲಿದೆ. ಅದನ್ನು ನೋಡಿ ಎಷ್ಟೋ ಕಾಲ ಜನ ಅವನನ್ನು ಎಡಚ ಅಂದುಕೊಂಡಿದ್ದರು. ಫೋಟೊದಲ್ಲಿರುವ ಕೋವಿಯ ತೋಟಾ ತುಂಬುವ ಬಾಗಿಲು ಯಾವ ಕಡೆ ಇದೆ ಅಂತ ಗಮನಿಸಿದಾಗ ಗುಟ್ಟು ಬಯಲಾಯಿತು. ನಮ್ಮಲ್ಲಿ ಕೋವಿ ಗೊತ್ತಿರುವವರು ಇಷ್ಟು ಜನ ಇದ್ದೀರಿ, ನೀವಾಗಿದ್ದರೆ ಮೊದಲ ದಿನವೇ ಹೇಳುತ್ತಿದ್ದಿರಿ.

ಅದೇ ಪುತ್ತರಿಯ ದಿನ ಆ ಮನೆಯ ತಾಯಿಯ ಫೋಟೊ ತೆಗೆದೆ. ಕೊಡವರಲ್ಲಿ ಅಜ್ಜಿಯನ್ನು ಕರೆಯುವುದು ಹಾಗೇ, ನಾನೂ ಹಾಗೇ ಕರೆಯುತ್ತೇನೆ. ಕೊಡವತಿಯರ ಸೀರೆ ನಿಮಗೆ ಗೊತ್ತು, ನೆರಿಗೆ ಹಿಂದಕ್ಕೆ, ಸೆರಗಿನ ತುದಿ ಬಲ ಭುಜಕ್ಕೆ ಬಂದು ಪಿನ್ನಿನಲ್ಲಿ ನಿಲ್ಲುತ್ತದೆ. ಫೋಟೊದಲ್ಲಿ ಅದು ಎಡ ಭುಜಕ್ಕೆ ಹೋಯಿತು! ಮುಂದಿನಿಂದ ನೋಡಿದರೆ ಬೇರೆ ಊರಿನವರ ಸೀರೆಯ ಹಾಗೆ. ನೂರು ವರ್ಷ ಆದಮೇಲೆ ಯಾರಾದರೂ ಆ ತಗಡು ನೋಡಿ, ಈಕೆ ಕೊಡವತಿ ಅಲ್ಲ ಅಂತ ಬರೆದರೆ? ಅಂದಿನಿಂದ ಪ್ರತಿ ತಗಡಿನ ಹಿಂದೆ ‘ಎಡ ಬಲ ತಿರುಗಿದೆ’ ಅಂತ ಬರೆಯುತ್ತಿದ್ದೇನೆ. ಇನ್ನೊಂದು ಸ್ವಾರಸ್ಯ ಇದೆ. ತಾಯಿಗೆ ಫೋಟೊ ನೋಡಿದ ಕೂಡಲೇ ‘ನಾನೇ’ ಅನ್ನಿಸಿತು. ಮನೆಯವರಿಗೆಲ್ಲ ಏನೋ ಸರಿ ಇಲ್ಲ ಅನ್ನಿಸಿತು. ನಮ್ಮನ್ನು ನಾವು ನೋಡುವುದು ಕನ್ನಡಿಯಲ್ಲಿ ಮಾತ್ರ, ಉಳಿದವರು ನೋಡುವುದು ನೇರವಾಗಿ. ಟಿನ್‌ಟೈಪ್ ಕೂತವರ ಪಕ್ಷ.

ನಮ್ಮ ಸೀಮೆಯ ಕಥೆಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಲೈನಿಯಸ್ ಟ್ರೈಪ್ ಎಂಬ ಸೇನಾ ಅಧಿಕಾರಿ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು ದೇವಸ್ಥಾನಗಳ ಫೋಟೊ ತೆಗೆದರು. ಅವರಂತೆಯೇ ಸೇನೆಯಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯದ್ದು ತೆಗೆದರು. ಇಬ್ಬರೂ ಬಳಸಿದ್ದು ಕಾಗದದ ನೆಗೆಟಿವ್. ಒದ್ದೆ ಪ್ಲೇಟು ಹೊತ್ತು ತಿರುಗುವ ಕಷ್ಟ ಅನುಭವಿಸಿದ ನನಗೆ ಆ ಆಯ್ಕೆ ಸರಿಯಾಗೇ ಕಾಣುತ್ತದೆ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋಗಿದ್ದು 1852ರಲ್ಲಿ, ಅಂದರೆ ಆರ್ಚರ್ ತಮ್ಮ ವಿಧಾನ ಪ್ರಕಟಿಸಿದ ಮರುವರ್ಷ. ವಿಕ್ಟೋರಿಯಾ ರಾಣಿ ಆ ಹುಡುಗಿಗೆ ಧರ್ಮಮಾತೆಯಾದರು. ಆಕೆಯ ಫೋಟೊಗಳು ಉಳಿದಿವೆ. ಕೊಡಗಿನ ಮುಖವೊಂದು ಕ್ಯಾಮೆರಾದ ಎದುರು ಕೂತ ಅತಿ ಹಳೆಯ ಸಂದರ್ಭಗಳಲ್ಲಿ ಅದೊಂದು, ಅದೂ ಊರಿಂದ ಅಷ್ಟು ದೂರದಲ್ಲಿ. ಆಕೆ 1864ರಲ್ಲಿ ತೀರಿಕೊಂಡಾಗ ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಆ ಫೋಟೊ ನೋಡುವಾಗ ನನಗೆ ಪ್ಲೇಟು, ಲೆನ್ಸು ಎಲ್ಲ ಮರೆತುಹೋಗುತ್ತದೆ. ಮಡಿಕೇರಿಯಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನವರ ಹಳೇ ಚಿತ್ರಗಳು ಸ್ವಿಟ್ಜರ್ಲೆಂಡಿನ ಅವರ ದಾಖಲೆ ಮನೆಯಲ್ಲಿವೆ. ಆನ್‌ಲೈನಿನಲ್ಲೇ ನೋಡಬಹುದು. ಮಳೆಗಾಲದ ಒಂದು ಸಂಜೆ ಅದಕ್ಕೆ ಇಟ್ಟುಕೊಳ್ಳಿ.

ಮಳೆಗಾಲ ಅಂದೆ. ಇದು ನನ್ನ ದೊಡ್ಡ ಗೋಳು. ಜೂನ್ ಬಂತು ಅಂದರೆ ಬೆಳಕಲ್ಲಿ ಅತಿನೇರಳೆ ಎಷ್ಟು ಕಡಿಮೆಯಾಗುತ್ತದೆ ಅಂದರೆ, ಜನವರಿಯಲ್ಲಿ ಐದು ಸೆಕೆಂಡಿಗೆ ಆಗುವ ಫೋಟೊಗೆ ಅರ್ಧ ನಿಮಿಷ ಬೇಕಾಗುತ್ತದೆ. ಕಣ್ಣಿಗೆ ಬೆಳಕು ಸಾಕಷ್ಟಿದೆ ಅನ್ನಿಸುತ್ತದೆ, ಪ್ಲೇಟಿಗೆ ಸಾಲುವುದಿಲ್ಲ. ನೀರೂ ಒಂದು ವಿಷಯ. ಬಾವಿ ನೀರಲ್ಲಿ ಸಿಲ್ವರ್ ದ್ರಾವಣ ಮಾಡಿದರೆ ಲವಣ ಸೇರಿ ಹಾಳಾಗುತ್ತದೆ, ಡಿಸ್ಟಿಲ್ಡ್ ವಾಟರ್ ತರಲೇಬೇಕು. ದ್ರಾವಣ ಹಳತಾದರೆ ಗಾಜಿನ ಜಾಡಿಯಲ್ಲಿ ಬಿಸಿಲಿಗೆ ಇಟ್ಟು ಶುದ್ಧ ಮಾಡುವ ಕ್ರಮ ಹಿಂದಿನಿಂದ ಇದೆ, ಅದರೊಳಗಿನ ಕಸರು ಕಪ್ಪಾಗಿ ತಳಕ್ಕೆ ಕೂರುತ್ತದೆ, ಸೋಸಿ ತೆಗೆಯಬಹುದು. ನಾನು ಅದನ್ನು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಬಲೆ ಮುಚ್ಚಿ ಇಡುತ್ತೇನೆ. ಕಾಫಿ ಒಣಗುವ ದಿನಗಳೇ ನನ್ನ ಕೆಲಸದ ದಿನಗಳು, ಡಿಸೆಂಬರಿನಿಂದ ಮಾರ್ಚ್ ತನಕ.

ಆ ದಿನಗಳಲ್ಲೇ ತೋಟದ ಕೆಲಸದವರ ಫೋಟೊ ತೆಗೆಯುತ್ತೇನೆ. ಕುಯ್ಲು ಮುಗಿದ ಹೊತ್ತು, ಬುಟ್ಟಿಯೋ ಕತ್ತಿಯೋ ಏಣಿಯೋ, ಯಾವುದರ ಜೊತೆ ನಿಲ್ಲಬೇಕು ಅಂತ ಅವರೇ ಹೇಳುತ್ತಾರೆ. ಒಬ್ಬರು ಹತಾರ ಬೇಡ, ಮೊಬೈಲ್ ಹಿಡಿದು ನಿಲ್ಲುತ್ತೇನೆ ಅಂದರು. ಹಾಗೇ ತೆಗೆದೆ. ಅಸಾಮಿನಿಂದ ಕೆಲಸಕ್ಕೆ ಬಂದ ಹುಡುಗನೊಬ್ಬ ತಗಡನ್ನು ಬಟ್ಟೆಯಲ್ಲಿ ಸುತ್ತಿ ಊರಿಗೆ ಒಯ್ದ. ತಗಡು ಅವರಿಗೆ, ಸ್ಕ್ಯಾನ್ ಮಾತ್ರ ನನಗೆ. ಇದುವರೆಗೆ 41 ಆಗಿವೆ, ಎಲ್ಲರ ಹೆಸರೂ ಬರೆದಿಟ್ಟಿದ್ದೇನೆ.

ಮನೆಯಲ್ಲಿರುವ ಹಳೇ ಫೋಟೊಗಳ ಬಗ್ಗೆ ಕೇಳಬೇಕು ಅಂತ ಹಲವರು ಚೀಟಿ ಕೊಟ್ಟಿದ್ದೀರಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಎಷ್ಟು ಮನೆಗಳ ಆಲ್ಬಂ ಕೆಸರಲ್ಲಿ ಹೋದವು, ನಮಗೆಲ್ಲ ಗೊತ್ತು. ಆಗ ನನ್ನ ಹತ್ತಿರ ಒದ್ದೆ ಕಟ್ಟುಗಳನ್ನು ತಂದವರಿದ್ದರು. ಬಿಸಿಲಿಗೆ ಹಾಕಿ ಒಣಗಿಸಿದ್ದ ಕಟ್ಟುಗಳು ಇಟ್ಟಿಗೆಯ ಹಾಗೆ ಅಂಟಿಹೋಗಿದ್ದವು. ಇನ್ನೂ ಒದ್ದೆ ಇದ್ದವನ್ನು ತಣ್ಣೀರಿನ ತಟ್ಟೆಯಲ್ಲಿ ಮೆಲ್ಲಗೆ ಬಿಡಿಸಿ, ಕೆಸರು ತೊಳೆದು, ಮುಖ ಮೇಲೆ ಮಾಡಿ ನೆರಳಲ್ಲಿ ಹರಡಿದೆವು. ಅವುಗಳಲ್ಲಿ ಸುಮಾರು ಉಳಿದವು. ಮಾಮೂಲಿ ಕಾಗದದ ಫೋಟೊಗೆ ಇದೇ ಕ್ರಮ, ಅಂಟಿ ಒಣಗಲು ಬಿಡಬೇಡಿ. ಗಾಜಿನ ಅಥವಾ ತಗಡಿನ ಹಳೇ ಫೋಟೊ ಆದರೆ ನೀರಲ್ಲಿ ನೆನೆಸಲೇಬೇಡಿ, ಮುಖ ಮೇಲೆ ಮಾಡಿ ಕೂಡಲೇ ಒಣಗಲು ಬಿಡಿ.

ಮಾಮೂಲಿ ದಿನಗಳಲ್ಲಿ ನಮ್ಮ ಶತ್ರು ಬೂಷ್ಟು. ಮಳೆ ಹೊಡೆಯುವ ಹೊರಗೋಡೆಗೆ ಹಳೇ ಫೋಟೊ ತೂಗಬೇಡಿ, ಒಳಗೋಡೆಗೆ ಹಾಕಿ, ಚೌಕಟ್ಟಿನ ಹಿಂದೆ ಎರಡು ಬೆಣೆ ಕೊಟ್ಟು ಗಾಳಿ ಆಡಲು ಬಿಡಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಮದುವೆಯ ಫೋಟೊ ಚೆನ್ನಾಗಿರಲಿ ಅಂತ ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿ, ಬಿಸಿಗೆ ಚಿತ್ರ ಕೆಟ್ಟು ಅತ್ತವರನ್ನು ನೋಡಿದ್ದೇನೆ, ಅದನ್ನು ಬಿಡಿಸಲು ದಾರಿಯೇ ಇಲ್ಲ. ಟಿನ್‌ಟೈಪ್ ಸಿಕ್ಕರೆ ಒರೆಸಬೇಡಿ, ಬಗ್ಗಿಸಬೇಡಿ. ಬಗ್ಗಿಸಿದರೆ ಕಪ್ಪು ಪದರ ಸಿಪ್ಪೆ ಏಳುತ್ತದೆ, ಅಲ್ಲಿಂದ ತುಕ್ಕು ಒಳಗೆ ಹೋಗುತ್ತದೆ. ಮತ್ತೆ, ಕಾಗದದ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಹೇಳಬಲ್ಲ ಅಜ್ಜಿ ಇರುವಾಗಲೇ ಕೂತು ಕೇಳಿ ಬರೆಯಿರಿ.

ಶಾಲೆಯ ಮೇಷ್ಟ್ರೊಬ್ಬರು ಮಕ್ಕಳಿಗೆ ಏನು ಮಾಡಿಸಬಹುದು ಅಂತ ಕೇಳಿದರು. ಸಯನೋಟೈಪ್ ಮಾಡಿಸಿ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಕಬ್ಬಿಣದ ಎರಡು ಲವಣಗಳನ್ನು ನೀರಲ್ಲಿ ಕಲೆಸಿ ಕಾಗದಕ್ಕೆ ಬಳಿದು, ಎಲೆ ಇಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದರೆ ಗಾಢ ನೀಲಿಯ ಮೇಲೆ ಬಿಳೀ ಎಲೆ. ಕಟ್ಟಡದ ನಕ್ಷೆಗೆ ಬ್ಲೂಪ್ರಿಂಟ್ ಅನ್ನುವ ಹೆಸರು ಬಂದಿದ್ದು ಇದರಿಂದಲೇ. ಆನಾ ಆಟ್ಕಿನ್ಸ್ ಎಂಬಾಕೆ 1843ರಿಂದಲೇ ಸಮುದ್ರದ ಪಾಚಿಗಳನ್ನು ಹೀಗೆ ಅಚ್ಚು ಹಾಕಿ ಪುಸ್ತಕ ಮಾಡಿದರು. ನಮ್ಮಲ್ಲಿ ತೆರ್ಮೆ, ಅಂದರೆ ಜರೀಗಿಡ ಇಲ್ಲವೇ, ತೋಡಿನ ಬದಿಯಲ್ಲಿ ಬೇಕಾದಷ್ಟು! ಹರ್ಷೆಲ್ ಹೂವು ಸೊಪ್ಪಿನ ರಸದಿಂದಲೂ ಫೋಟೊ ಮಾಡಿ ನೋಡಿದ್ದರು. ಬಿಸಿಲಿಗೆ ಬಣ್ಣ ಹೋದಲ್ಲಿ ಹೋಗಿ, ಮುಚ್ಚಿದ್ದಲ್ಲಿ ಉಳಿಯುತ್ತದೆ. ಕಕ್ಕಡ ಅನ್ನುವ ನಮ್ಮ ಮಳೆಗಾಲದ ತಿಂಗಳಿನ ಮದ್ದುಸೊಪ್ಪಿನ ನೇರಳೆ ರಸದಲ್ಲಿ ಹಾಗೆ ಮಾಡಿ ನೋಡಬೇಕು ಅನ್ನುವ ಆಸೆ ನನಗಿದೆ. ಕಕ್ಕಡದಲ್ಲಿ ಬಿಸಿಲು ಇರುವುದಿಲ್ಲ, ರಸವನ್ನು ಬಟ್ಟೆಗೆ ಬಳಿದು ಕತ್ತಲಲ್ಲಿ ಡಿಸೆಂಬರ್ ತನಕ ಕಾಪಿಡಬೇಕು.

ಮಾತು ಮುಗಿದ ಮೇಲೆ ಜಗಲಿಯಲ್ಲಿ ಪ್ಲೇಟು ಮಾಡಿ ತೋರಿಸಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಮಗಳ ಜೊತೆ ಬಂದು ಕೂತರು. ಬಿಸಿಲಿತ್ತು, ಎಂಟು ಸೆಕೆಂಡು. ತುಂಬ ಚೆನ್ನಾಗಿ ಬಂತು, ಕಣ್ಣಿನ ರೆಪ್ಪೆ ಎಣಿಸಬಹುದು. ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ಮಗಳು ನನಗೂ ಒಂದು ಪ್ರತಿ ಬೇಕು ಅಂದರು. ಪ್ರತಿ ಇಲ್ಲಮ್ಮಾ, ಇನ್ನೊಂದು ಸಲ ಕೂರಬೇಕು ಅಂದೆ. ಅಷ್ಟರಲ್ಲಿ ಮೋಡ ಬಂತು, ಇಪ್ಪತ್ತು ಸೆಕೆಂಡು ಬೇಕಾಯಿತು, ನಡುವೆ ಅಜ್ಜಿಯ ಕೈ ಸೆರಗು ಸರಿಮಾಡಲು ಹೋಯಿತು. ಮುಖ ನಿಂತಿದೆ, ಕೈ ಇದ್ದಲ್ಲಿ ಹೊಗೆಯ ಹಾಗೆ ಒಂದು ಬಿಳುಪು. ಮೂರನೆಯದು ತೆಗೆಯೋಣ ಅಂದೆ. ಮಗಳು ಬೇಡ ಅಂದರು. ‘ಅಮ್ಮನ ಕೈ ಯಾವಾಗ ಸುಮ್ನೆ ಇತ್ತು, ಇದೇ ಕೊಡಿ’ ಅಂತ ತೆಗೆದುಕೊಂಡರು. ಎರಡರ ಹಿಂದೆಯೂ ಹೆಸರು, ತಾರೀಖು, ಎಷ್ಟು ಸೆಕೆಂಡು, ಎಡ ಬಲ ತಿರುಗಿದೆ ಅಂತ ಬರೆದು ಕೊಟ್ಟೆ.